ಫ್ಯಾನಿನ ಪಕ್ಕ ಬಿದ್ದ ಹನಿ: ಸೋರುವ ತಾರಸಿಯ ಒಂದು ಪ್ರಕರಣ

ಅಕ್ಕನ ಮನೆಯ ಮೇಲಿನ ರೂಮಿನಲ್ಲಿ ಫ್ಯಾನ್ ತೂಗುಹಾಕಿದ ಜಾಗದಿಂದ ನೀರು ತೊಟ್ಟಿಕ್ಕಲು ಶುರುವಾಗಿ ನಾಲ್ಕು ವರ್ಷ ಆಗಿತ್ತು. ಮೂರು ಸಲ ರಿಪೇರಿ ಮಾಡಿಸಿದ್ದರು. ಮೂರು ಸಲವೂ ಮುಂದಿನ ಮಳೆಗಾಲಕ್ಕೆ ಹನಿ ಅದೇ ಜಾಗಕ್ಕೆ ಬಂದು ಕೂತಿತ್ತು. ನಾಲ್ಕನೇ ಸಲ ಕರೆಸಿದ ಕಂಟ್ರಾಕ್ಟರ್ ಒಬ್ಬರು ಮೇಲೆ ಕೆಳಗೆ ಒಂದು ಸುತ್ತು ಹಾಕಿ, "ಮೋಲ್ಡೇ ಹೋಗಿದೆ, ಒಡೆದು ಹೊಸದು ಹಾಕಿಸಿ" ಎಂದುಬಿಟ್ಟರು. ಆವತ್ತು ರಾತ್ರಿ ಅಕ್ಕ ಫೋನ್ ಮಾಡಿದಳು. "ಮನೆ ಖಾಲಿ ಮಾಡಬೇಕಂತೆ ಕಣೋ. ನಿಜವಾಗ್ಲೂ ಅಷ್ಟು ಕೆಟ್ಟಿದ್ಯಾ? ಒಂದ್ಸಲ ಬಂದು ನೋಡು."

ನಾನು ಕಟ್ಟಡದ ಕೆಲಸದಲ್ಲೇ ಇರುವವನು, ಸೈಟ್ ಎಂಜಿನಿಯರ್. ಇಂಥ ಮಾತು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಒಡೆಯಲೇಬೇಕಾದ ಚಾವಣಿಗಳೂ ಇರುತ್ತವೆ. ಆದರೆ ನೀರು ಎಲ್ಲಿಂದ ಒಳಗೆ ಹೋಗುತ್ತಿದೆ ಅಂತ ಒಬ್ಬರೂ ಹುಡುಕದೇ ಇರುವಾಗ ಒಡೆಯುವ ಮಾತು ಬರಲೇಬಾರದು. ಈ ಮನೆಯಲ್ಲಿ ನಾಲ್ಕು ವರ್ಷ ಯಾರೂ ಅದನ್ನು ಹುಡುಕಿರಲಿಲ್ಲ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಮನೆಗೆ ಇಪ್ಪತ್ತಾರು ವರ್ಷ. ತಾರಸಿ ಸುಮಾರು 11 ಮೀಟರ್ ಉದ್ದ, 9 ಮೀಟರ್ ಅಗಲ. ಆರ್‌ಸಿಸಿ ಚಪ್ಪಡಿ, ಅಂದರೆ ಕಂಬಿ ಹಾಕಿ ಎರಕ ಹೊಯ್ದ ಕಾಂಕ್ರೀಟ್ ಮೋಲ್ಡ್, 125 ಮಿಲಿಮೀಟರ್ ದಪ್ಪ. ಸುತ್ತ ಅಂಚಿಗೆ ಪ್ಯಾರಾಪೆಟ್, ಅಂದರೆ ಮೋಟು ಗೋಡೆ. ಒಂದು ಮೂಲೆಯಲ್ಲಿ ಇಟ್ಟಿಗೆ ಕಟ್ಟೆಯ ಮೇಲೆ ನೀರಿನ ಟ್ಯಾಂಕ್. ಮಳೆನೀರು ಇಳಿದುಹೋಗಲು ಟ್ಯಾಂಕಿನ ಎದುರು ಬದಿಯಲ್ಲಿ ಎರಡು ಪೈಪ್.

ಮೊದಲು ಹಿಂದಿನ ಮೂರು ರಿಪೇರಿಗಳ ಕಥೆ ಕೇಳಿದೆ. ಮೊದಲ ವರ್ಷ ಸಿಮೆಂಟ್ ಹಾಲು ಸುರಿದು ಪೊರಕೆಯಲ್ಲಿ ಉಜ್ಜಿದ್ದರು. ಎರಡನೇ ವರ್ಷ ವಾಟರ್‌ಪ್ರೂಫ್ ಪೇಂಟ್. ಅದೂ ಮಳೆ ನಿಂತ ಮೂರನೇ ದಿನಕ್ಕೆ, ಒದ್ದೆ ತಾರಸಿಯ ಮೇಲೆ. ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಮೇಲೆ ಬರಬೇಕಲ್ವಾ, ದಾರಿ ಸಿಗದೆ ಪೇಂಟನ್ನೇ ಗುಳ್ಳೆ ಗುಳ್ಳೆಯಾಗಿ ಎಬ್ಬಿಸಿತ್ತು. ಮೂರನೇ ವರ್ಷ ಆ ಪೇಂಟನ್ನು ತೆಗೆಯದೇ ಅದರ ಮೇಲೆ ಎರಡು ಇಂಚು ಗಾರೆ ಹಾಕಿ ನಯ ಮಾಡಿದ್ದರು.

ಈ ಎರಡು ಇಂಚಿನ ಲೆಕ್ಕ ಹೇಳುತ್ತೇನೆ. 50 ಮಿಲಿಮೀಟರ್ ಗಾರೆ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 110 ಕಿಲೋ ತೂಗುತ್ತದೆ. ತಾರಸಿ ನೂರು ಚದರ ಮೀಟರ್. ಅಂದರೆ ಸುಮಾರು 11 ಟನ್. ಚಪ್ಪಡಿಯ ಸ್ವಂತ ತೂಕವೇ 31 ಟನ್ ಚಿಲ್ಲರೆ. ಅದರ ಮೂರನೇ ಒಂದು ಭಾಗದಷ್ಟು ಭಾರವನ್ನು ಸುಮ್ನೆ ತಲೆ ಮೇಲೆ ಹೊರಿಸಿದ್ದರು. ಭಾವನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಸೋರುವಿಕೆ ನಿಂತಿದ್ದರೆ ಭಾರವನ್ನಾದರೂ ಒಪ್ಪಬಹುದಿತ್ತು. ನಿಂತಿರಲಿಲ್ಲ. ಗಾರೆಯ ಪದರ ನೀರನ್ನು ತಡೆಯುವ ಬದಲು ಬಚ್ಚಿಟ್ಟುಕೊಳ್ಳುತ್ತಿತ್ತು. ಇದು ಗೊತ್ತಾಗಿದ್ದು ಅಕ್ಕನ ಒಂದು ಮಾತಿನಿಂದ.

"ಮಳೆ ಬಂದ ತಕ್ಷಣ ತೊಟ್ಟಿಕ್ಕಲ್ಲ ಕಣೋ. ಒಂದು ಮೂರು ಗಂಟೆ ಆಗುತ್ತೆ. ಆಮೇಲೆ ಮಳೆ ನಿಂತ್ರೂ ಎರಡು ದಿನ ನಿಲ್ಲಲ್ಲ."

ಇಷ್ಟು ಬೆಲೆಯ ಮಾತನ್ನು ಹಿಂದೆ ಬಂದ ಯಾರೂ ಕೇಳಿಸಿಕೊಂಡಿರಲಿಲ್ಲ. ಹನಿ ಬೀಳುವ ಜಾಗದ ನೇರ ಮೇಲೇ ತೂತು ಇದ್ದಿದ್ದರೆ ನೀರು ಬೇಗ ಬಂದು ಬೇಗ ನಿಲ್ಲುತ್ತಿತ್ತು. ತಡವಾಗಿ ಬಂದು ತಡವಾಗಿ ನಿಲ್ಲುತ್ತಿದೆ ಎಂದರೆ ನೀರು ದೂರದಿಂದ ನಡೆದು ಬರುತ್ತಿದೆ, ದಾರಿಯಲ್ಲಿ ಎಲ್ಲೋ ತಂಗುತ್ತಿದೆ. ಮನೆಯಲ್ಲಿ ವಾಸ ಮಾಡುವವರಿಗೆ ಇದು ಯಾವ ಉಪಕರಣಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ ಮನೆ ಸೋರುತ್ತಿದ್ದರೆ ಒಂದು ಚೀಟಿಯಲ್ಲಿ ಬರೆದಿಡಿ: ಮಳೆ ಎಷ್ಟು ಗಂಟೆಗೆ ಶುರುವಾಯಿತು, ಹನಿ ಎಷ್ಟು ಗಂಟೆಗೆ, ಗಾಳಿ ಯಾವ ಕಡೆಯಿಂದ ಇತ್ತು, ಮಳೆ ಇಲ್ಲದ ದಿನವೂ ತೇವ ಇದೆಯಾ. ಕೊನೆಯದು ಮುಖ್ಯ. ಮಳೆಯೇ ಇಲ್ಲದಾಗಲೂ ತೇವ ಇದ್ದರೆ ಅದು ಟ್ಯಾಂಕಿನ ನೀರೋ, ಪೈಪಿನದ್ದೋ, ಇಲ್ಲಾ ಚಳಿಯಲ್ಲಿ ತಣ್ಣಗಾದ ಚಾವಣಿಗೆ ಒಳಗಿನ ಬಿಸಿ ಉಸಿರು ತಗುಲಿ ಕೂತ ಹನಿಯೋ ಇರಬಹುದು. ಅದಕ್ಕೆ ತಾರಸಿಗೆ ಏನು ಬಳಿದರೂ ಉಪಯೋಗವಿಲ್ಲ.

ಮರುದಿನ ರೂಮಿನಲ್ಲಿ ಏಣಿ ಹಾಕಿದೆ. ಅದಕ್ಕೂ ಮುಂಚೆ ಆ ರೂಮಿನ ವಿದ್ಯುತ್ ಸ್ವಿಚ್ಚನ್ನು ಮೇನ್ ಬೋರ್ಡಿನಲ್ಲೇ ಆಫ್ ಮಾಡಿಸಿದೆ. ನಾಲ್ಕು ವರ್ಷದಿಂದ ಫ್ಯಾನಿನ ಡಬ್ಬಿಯಲ್ಲಿ, ಫ್ಯಾನ್ ತೂಗುಹಾಕಲು ಚಾವಣಿಯಲ್ಲಿ ಹೂತಿಟ್ಟ ಡಬ್ಬಿಯಲ್ಲಿ, ನೀರು ಬರುತ್ತಿದೆ, ಆ ಫ್ಯಾನು ದಿನಾ ಓಡುತ್ತಿದೆ. ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ. ದೀಪ ಅಥವಾ ಫ್ಯಾನಿನ ಜಾಗದಿಂದ ನೀರು ಬಂದರೆ ಮೊದಲು ಮಾಡಬೇಕಾದ ಕೆಲಸ ಆ ಲೈನ್ ಆಫ್ ಮಾಡುವುದು. ಬಕೆಟ್ ಆಮೇಲೆ.

ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದೆ. ಕಲೆಯ ನಡುವೆ ಬಿಳಿ ಉಪ್ಪಿನ ಹಾಗೆ ಪುಡಿ ಕಟ್ಟಿತ್ತು. ನೀರು ಕಾಂಕ್ರೀಟಿನೊಳಗೆ ಹಾದುಬರುವಾಗ ಸುಣ್ಣವನ್ನು ಕರಗಿಸಿಕೊಂಡು ಬಂದು, ಹೊರಗೆ ಗಾಳಿ ತಗುಲಿ ಗಟ್ಟಿಯಾಗುವುದು ಇದು. ಆ ದಾರಿ ಹಳೆಯದು ಅನ್ನುವುದಕ್ಕೆ ಗುರುತು. ಆಮೇಲೆ ಸುತ್ತಿಗೆಯ ಹಿಡಿಯಿಂದ ಚಾವಣಿಯನ್ನು ಒಂದೊಂದು ಗೇಣಿಗೂ ತಟ್ಟುತ್ತಾ ಹೋದೆ. ಗಟ್ಟಿ ಕಾಂಕ್ರೀಟ್ ಟಣ್ ಅನ್ನುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಅನ್ನುತ್ತದೆ. ಫ್ಯಾನಿನ ಸುತ್ತ ಎಲ್ಲಾ ಟಣ್. ಅಕ್ಕ ನಾಲ್ಕು ವರ್ಷ ಹೆದರಿದ್ದ ಜಾಗ ಗಟ್ಟಿಯಾಗಿತ್ತು.

ಡಬ್ ಅಂದಿದ್ದು ಇನ್ನೊಂದು ಕಡೆ. ಟ್ಯಾಂಕಿನ ಕೆಳಗಿನ ಮೂಲೆ. ಅಲ್ಲಿ ಬೀರು ನಿಲ್ಲಿಸಿದ್ದರಿಂದ ಯಾರೂ ನೋಡಿರಲಿಲ್ಲ. ಬೀರು ಸರಿಸಿ ತಟ್ಟಿದರೆ ಅಂಗೈಯಗಲದ ಚಕ್ಕೆಯೊಂದು ಕೈಗೇ ಬಂತು. ಒಳಗೆ ಕಂಬಿ ಕೆಂಪಗೆ, ಪದರ ಪದರವಾಗಿ ತುಕ್ಕು ಹಿಡಿದಿತ್ತು.

ಕಂಬಿಗೆ ತುಕ್ಕು ಹೇಗೆ ಬರುತ್ತದೆ ಅನ್ನುವುದನ್ನು ಮನೆಯವರು ತಿಳಿದಿರಬೇಕು. ಒಡೆಯೋದಾ, ರಿಪೇರಿಯಾ ಅನ್ನುವುದು ಅದರ ಮೇಲೇ ನಿಂತಿದೆ. ಒಳ್ಳೆಯ ಕಾಂಕ್ರೀಟ್ ತೀರಾ ಕ್ಷಾರ, ಪಿಎಚ್ 12-13ರ ಹತ್ತಿರ. ಆ ಕ್ಷಾರದಲ್ಲಿ ಕಂಬಿಯ ಮೈಮೇಲೆ ತೆಳುವಾದ ಒಂದು ಕವಚ ಕಟ್ಟಿಕೊಳ್ಳುತ್ತದೆ, ತುಕ್ಕು ಹತ್ತುವುದಿಲ್ಲ. ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಮೆಲ್ಲಗೆ ಒಳಗಿಳಿದು ಆ ಕ್ಷಾರವನ್ನು ಇಳಿಸುತ್ತಾ ಬರುತ್ತದೆ. ಅದು ಕಂಬಿಯವರೆಗೆ ತಲುಪಿ, ಜೊತೆಗೆ ನೀರೂ ಸಿಕ್ಕರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ತಿನ್ನುತ್ತದೆ. ಒಳಗಿನಿಂದ ಉಬ್ಬಿ ಕಾಂಕ್ರೀಟನ್ನು ತಳ್ಳಿ ಚಕ್ಕೆ ಎಬ್ಬಿಸುತ್ತದೆ. ಅಲ್ಲಿಗೆ ಬರೀ ಗಾರೆ ಮೆತ್ತಿದರೆ ಅದನ್ನೂ ತಳ್ಳಿ ಬೀಳಿಸುತ್ತದೆ.

ಹಾಗಾಗಿ ಎರಡು ಅಳತೆ ತೆಗೆದೆ. ಹೊಸದಾಗಿ ಒಡೆದ ಮುಖಕ್ಕೆ ಫೀನಾಲ್ಫ್ತಲೀನ್ ದ್ರಾವಣ ಚಿಮುಕಿಸಿದರೆ ಕ್ಷಾರ ಉಳಿದಿರುವ ಕಡೆ ಗುಲಾಬಿ ಬಣ್ಣ ಬರುತ್ತದೆ, ಹೋದ ಕಡೆ ಬರುವುದಿಲ್ಲ. ಫ್ಯಾನಿನ ಹತ್ತಿರ ಸಣ್ಣದಾಗಿ ಕೊರೆದು ನೋಡಿದೆ. ಮೇಲ್ಮೈಯಿಂದ 7 ಮಿಲಿಮೀಟರ್ ಒಳಗೆ ಗುಲಾಬಿ ಶುರುವಾಗಿತ್ತು. ಕಂಬಿ ಇದ್ದದ್ದು 20 ಮಿಲಿಮೀಟರ್ ಒಳಗೆ. ಕ್ಷೇಮ. ಇನ್ನೂ ಮೂರು ಕಡೆ ಇದೇ ಕಥೆ. ಟ್ಯಾಂಕಿನ ಮೂಲೆಯಲ್ಲಿ 15 ಮಿಲಿಮೀಟರ್ ಆದರೂ ಬಣ್ಣವಿಲ್ಲ, ಕಂಬಿ ಬರೀ 10 ಮಿಲಿಮೀಟರಿನಲ್ಲಿತ್ತು. ಮೋಲ್ಡ್ ಹಾಕುವ ದಿನ ಆ ಮೂಲೆಯಲ್ಲಿ ಕಂಬಿ ಕೆಳಗೆ ಕವರ್ ಬ್ಲಾಕ್, ಅಂದರೆ ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಸಣ್ಣ ತುಂಡು, ಇಟ್ಟಿರಲಿಲ್ಲ ಅಂತ ಕಾಣುತ್ತದೆ. ಇಪ್ಪತ್ತಾರು ವರ್ಷದ ಹಿಂದಿನ ಸಣ್ಣ ಉದಾಸೀನ ಇವತ್ತು ಹೊರಗೆ ಬಂದಿತ್ತು.

ಇನ್ನೊಂದು ಅಳತೆ ಕಂಬಿಯದು. ತುಕ್ಕು ಕೆರೆದು ಅಳೆದರೆ 10 ಮಿಲಿಮೀಟರ್ ಕಂಬಿ ಎರಡು ಕಡೆ 8ಕ್ಕೆ ಇಳಿದಿತ್ತು. ಎರಡೇ ಮಿಲಿಮೀಟರ್ ಅಲ್ವಾ ಅನ್ನಿಸಬಹುದು. ಆದರೆ ಹೊರೆ ಹೊರುವುದು ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ. ಅದು 78 ಚದರ ಮಿಲಿಮೀಟರಿನಿಂದ 50ಕ್ಕೆ ಬಿದ್ದಿತ್ತು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋದಂತೆ. ಇಲ್ಲಿ ನಾನೇ ತೀರ್ಮಾನ ಮಾಡಲಿಲ್ಲ. ಕಟ್ಟಡದ ಬಲದ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಕಂಬಿ ಸವೆದಿದ್ದರೆ, ಚಾವಣಿ ಬಾಗಿದ್ದರೆ, ಬಿರುಕು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಅವರು ನೋಡದೇ ಮುಂದುವರಿಯಬಾರದು.

ಅವರು ಬರುವ ಮುಂಚೆ ಮೂಲೆಯ ಕೆಳಗೆ ಜಾಕಿ ಕೊಟ್ಟು ಆನಿಸಿದೆವು. ಟ್ಯಾಂಕ್ ಖಾಲಿ ಮಾಡಿದೆವು.

ಇನ್ನು ನೀರಿನ ದಾರಿ ಹುಡುಕುವ ಕೆಲಸ. ಬಿಸಿಲು ದಿನಗಳು, ಚಾವಣಿ ಪೂರ್ತಿ ಒಣಗಿತ್ತು. ಒಂದು ಹೊತ್ತಿಗೆ ಒಂದೇ ಜಾಗಕ್ಕೆ ನೀರು ಬಿಡಬೇಕು, ತಗ್ಗಿನಿಂದ ಶುರುಮಾಡಿ ಎತ್ತರಕ್ಕೆ ಹೋಗಬೇಕು. ಎಲ್ಲಾ ಕಡೆ ಒಟ್ಟಿಗೆ ನೀರು ಹಾಕಿದರೆ ಸೋರುವುದು ಗೊತ್ತಾಗುತ್ತದೆ, ಎಲ್ಲಿಂದ ಅನ್ನುವುದು ಗೊತ್ತಾಗುವುದಿಲ್ಲ. ಮೊದಲು ತಾರಸಿಯ ನಡುಭಾಗ. ಮರಳು ಚೀಲ ಅಡ್ಡ ಇಟ್ಟು ಒಂದು ಇಂಚು ನೀರು ನಿಲ್ಲಿಸಿದೆವು. 24 ಗಂಟೆ. ರೂಮಿನಲ್ಲಿ ಒಂದು ಹನಿಯಿಲ್ಲ. ಎರಡನೇ ದಿನ ಟ್ಯಾಂಕಿನಿಂದ ಕೆಳಗೆ ಇಳಿಯುವ ಪೈಪಿನ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ತುಂಬಿದೆವು. ನಲವತ್ತು ನಿಮಿಷಕ್ಕೆ ಕೆಳಗಿನ ಮೂಲೆ ತೇವವಾಯಿತು. ಫ್ಯಾನಿನ ಜಾಗ ಒಣಗೇ ಇತ್ತು. ಅಂದರೆ ಎರಡು ಬೇರೆ ಬೇರೆ ಸೋರುವಿಕೆ. ಒಂದರ ಮೂಲ ಸಿಕ್ಕಿತು.

ಮೂರನೇ ದಿನ ಟ್ಯಾಂಕಿನ ಕಡೆಯ ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಸಂದಿಗೆ ಪೈಪಿನಲ್ಲಿ ನೀರು ಬಿಟ್ಟೆ. ಒಂದು ಗಂಟೆ ಕಾದೆ. ಏನೂ ಇಲ್ಲ. ನಿಲ್ಲಿಸಿ ಮುಂದಿನ ಜಾಗಕ್ಕೆ ಹೋಗಲು ಎದ್ದೆ. ಅಕ್ಕ ತಡೆದಳು. "ಮೂರು ಗಂಟೆ ಆಗುತ್ತೆ ಅಂದಿದ್ನಲ್ಲ, ಬಿಡು ಇನ್ನೂ." ಬಿಟ್ಟೆವು. ಮೂರು ಗಂಟೆ ಹತ್ತು ನಿಮಿಷಕ್ಕೆ ಫ್ಯಾನಿನ ಡಬ್ಬಿಯ ಅಂಚಿನಲ್ಲಿ ಒಂದು ಹನಿ ಮೂಡಿ, ತೂಗಾಡಿ, ಬಿತ್ತು.

ಗೋಡೆಯ ಸಂದಿಯಿಂದ ಫ್ಯಾನಿಗೆ ನಾಲ್ಕು ಮೀಟರ್ ದೂರ. ಆಮೇಲೆ ಗಾರೆ ಕಿತ್ತಾಗ ದಾರಿ ಕಣ್ಣಿಗೇ ಕಂಡಿತು. ನೀರು ಸಂದಿಯ ಕೂದಲೆಳೆ ಬಿರುಕಿನಲ್ಲಿ ಇಳಿದು, ಹಳೆಯ ಪೇಂಟಿನ ಮೇಲೆ, ಗಾರೆಯ ಕೆಳಗೆ ಹರಿದು, ಪೇಂಟ್ ಕಿತ್ತುಹೋದ ಒಂದು ಕಡೆ ಚಪ್ಪಡಿಯ ಸಣ್ಣ ಬಿರುಕಿಗೆ ಸಿಕ್ಕಿ, ಅಲ್ಲಿಂದ ಕರೆಂಟಿನ ವೈರ್ ಹೋಗುವ ಪೈಪಿನೊಳಗೆ ಸೇರಿ ಫ್ಯಾನಿನ ಡಬ್ಬಿಗೆ ಬರುತ್ತಿತ್ತು. ಮೂರು ರಿಪೇರಿಯಲ್ಲೂ ಜನ ಫ್ಯಾನಿನ ನೇರ ಮೇಲಿನ ಜಾಗವನ್ನೇ ಜಾಸ್ತಿ ಉಜ್ಜಿದ್ದರು.

ಆ ಸಂದಿ ಯಾಕೆ ಬಿರುಕು ಬಿಡುತ್ತದೆ? ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 11 ಮೀಟರ್ ಚಪ್ಪಡಿ 30 ಡಿಗ್ರಿ ವ್ಯತ್ಯಾಸಕ್ಕೆ 3 ಮಿಲಿಮೀಟರಿಗಿಂತ ತುಸು ಜಾಸ್ತಿಯೇ ಉದ್ದವಾಗುತ್ತದೆ. ಇಟ್ಟಿಗೆ ಗೋಡೆ ಅದರ ಜೊತೆ ಅಷ್ಟೇ ಹಿಗ್ಗುವುದಿಲ್ಲ. ಸಂದಿಗೆ ಬರೀ ಸಿಮೆಂಟ್ ತುಂಬಿದರೆ ಮತ್ತೆ ಬಿಡುತ್ತದೆ. ಪ್ಲಾಸ್ಟಿಕ್ ಪೈಪ್ ಚಪ್ಪಡಿ ತೂರಿಕೊಂಡು ಹೋಗುವ ಜಾಗವೂ ಹಾಗೇ. ಪಿವಿಸಿ ಕಾಂಕ್ರೀಟಿಗಿಂತ ಎಷ್ಟೋ ಪಟ್ಟು ಜಾಸ್ತಿ ಹಿಗ್ಗಿ ಕುಗ್ಗುತ್ತದೆ. ಇಂಥ ಕಡೆ ಎಳೆದರೆ ಹಿಗ್ಗುವಂಥ ಸೀಲೆಂಟ್, ಅಂದರೆ ಸಂದಿ ತುಂಬುವ ಅಂಟು, ಬೇಕು. ಸಮತಟ್ಟಾದ ತಾರಸಿ ಹೆಚ್ಚಾಗಿ ಸೋರುವುದು ಬಯಲಿನಲ್ಲಲ್ಲ. ಅಂಚಿನಲ್ಲಿ, ಮೂಲೆಯಲ್ಲಿ, ಪೈಪ್ ತೂರಿದ ಕಡೆ, ನೀರು ಇಳಿಯುವ ಬಾಯಲ್ಲಿ.

ಎಂಜಿನಿಯರ್ ಎಲ್ಲಾ ನೋಡಿ ಹೇಳಿದ್ದು ಸ್ಪಷ್ಟವಾಗಿತ್ತು. ಕೆಟ್ಟಿರುವುದು ಸುಮಾರು ಒಂದೂವರೆ ಚದರ ಮೀಟರ್. ಉಳಿದ ಚಪ್ಪಡಿ ಗಟ್ಟಿ. ಯಾವಾಗ ಒಡೆಯಲು ಹೇಳುತ್ತೀರಿ ಅಂತ ಭಾವ ಕೇಳಿದರು. ಚಪ್ಪಡಿಯ ಬಹುಭಾಗ ತಟ್ಟಿದರೆ ಟೊಳ್ಳು ಸದ್ದು ಕೊಟ್ಟರೆ, ನಡುಭಾಗದ ಮುಖ್ಯ ಕಂಬಿಗಳೇ ಅಲ್ಲಲ್ಲಿ ಸವೆದಿದ್ದರೆ, ಕಣ್ಣಿಗೆ ಕಾಣುವಷ್ಟು ಬಾಗಿದ್ದರೆ ಎಂದರು. ಕಟ್ಟುವಾಗ ಉಪ್ಪುನೀರು ಅಥವಾ ಉಪ್ಪಿನ ಮರಳು ಬಳಸಿದ್ದರೂ ಕಷ್ಟ. ಕ್ಷಾರ ಉಳಿದಿದ್ದಾಗಲೂ ಉಪ್ಪು ಕಂಬಿಯ ಕವಚವನ್ನು ತೂತು ಮಾಡುತ್ತದೆ. ಗುಲಾಬಿ ಬಣ್ಣದ ಪರೀಕ್ಷೆಯಲ್ಲಿ ಅದು ತಿಳಿಯುವುದಿಲ್ಲ, ಪುಡಿ ತೆಗೆದು ಲ್ಯಾಬಿಗೆ ಕಳಿಸಬೇಕು. ಇಲ್ಲಿ ಮೂಲೆಯ ಪುಡಿ ಕಳಿಸಿದೆವು, ಉಪ್ಪಿನ ತೊಂದರೆ ಇರಲಿಲ್ಲ.

ಭಾವ ಇನ್ನೊಂದು ಯೋಚನೆ ಮುಂದಿಟ್ಟರು. "ಮೇಲೆ ಶೀಟ್ ಹಾಕಿಸಿಬಿಟ್ರೆ ಮುಗೀತಲ್ವಾ?" ಮಳೆ ತಡೆಯುತ್ತದೆ, ನಿಜ. ಆದರೆ ಈ ಮೂಲೆಗೆ ನೀರು ಬರುತ್ತಿದ್ದದ್ದು ಮಳೆಯಿಂದ ಮಾತ್ರ ಅಲ್ಲ, ಟ್ಯಾಂಕ್ ತುಂಬಿ ಚೆಲ್ಲಿದಾಗಲೂ ಬರುತ್ತಿತ್ತು. ಶೀಟಿನ ಕೆಳಗೆ ಕಂಬಿ ಯಾರ ಕಣ್ಣಿಗೂ ಬೀಳದೆ ಸವೆಯುತ್ತಾ ಇರುತ್ತಿತ್ತು. ಗಾಳಿ ಶೀಟನ್ನು ಕೆಳಗಿನಿಂದ ಎತ್ತುತ್ತದೆ, ಅದನ್ನು ಹಿಡಿದಿಡಲು ಚಪ್ಪಡಿಗೆ ಇನ್ನಷ್ಟು ತೂತು ಕೊರೆಯಬೇಕು. "ಭಾವ, ಮೊದಲು ರೋಗ ವಾಸಿ ಆಗ್ಲಿ, ಶೀಟ್ ಬೇಕಾದ್ರೆ ಆಮೇಲೆ ನೋಡಿ" ಎಂದೆ. ಒಪ್ಪಿಕೊಂಡರು.

ಕೆಲಸ ಶುರುವಾಗಿದ್ದು ಕೀಳುವುದರಿಂದ. 11 ಟನ್ ಗಾರೆ ಪೂರ್ತಿ ಕಿತ್ತು ಕೆಳಗಿಳಿಸಿದೆವು. ಕಿತ್ತ ಚೂರನ್ನು ತಾರಸಿಯ ಒಂದೇ ಕಡೆ ಗುಡ್ಡೆ ಹಾಕಲು ಬಿಡಲಿಲ್ಲ, ಆಗಿಂದಾಗ್ಗೆ ಇಳಿಸಿದೆವು. ಹಳೆಯ ಪೇಂಟನ್ನೂ ಕೆರೆದು ತೆಗೆದಾಯಿತು.

ಮೂಲೆಯಲ್ಲಿ ಕೆಳಗಿನಿಂದ ಸಡಿಲ ಕಾಂಕ್ರೀಟನ್ನೆಲ್ಲಾ ಉಳಿಯಿಂದ ತೆಗೆದು, ಕಂಬಿಯ ಹಿಂದೆ ಬೆರಳು ಹೋಗುವಷ್ಟು ಜಾಗ ಮಾಡಿದೆವು. ಕಂಬಿಯ ಮುಂಭಾಗ ಮಾತ್ರ ತೊಳೆದು ಹಿಂಭಾಗದ ತುಕ್ಕು ಬಿಟ್ಟರೆ ಕೆಲಸ ಮಾಡಿಯೂ ಮಾಡದ ಹಾಗೆ. ತಂತಿ ಬ್ರಷ್ಷಿನಿಂದ ಕಂಬಿ ಹೊಳೆಯುವವರೆಗೆ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಸವೆದ ಎರಡು ಕಂಬಿಗೆ ಪಕ್ಕದಲ್ಲಿ ಹೊಸ ಕಂಬಿ ಜೋಡಿಸಿ ಕಟ್ಟಿದೆವು. ಹೊಸ ಕಂಬಿ ಹಳೆಯದರ ಜೊತೆ ಎಷ್ಟು ಉದ್ದ ಜೋಡಿಯಾಗಿ ಹೋಗಬೇಕು ಅಂತ ಎಂಜಿನಿಯರ್ ಬರೆದುಕೊಟ್ಟಿದ್ದರು. ತೇಪೆಯ ಅಂಚನ್ನು ಕಟರಿನಿಂದ ನೇರವಾಗಿ ಕತ್ತರಿಸಿ, ಪಾಲಿಮರ್ ಬೆರೆಸಿದ ರಿಪೇರಿ ಗಾರೆಯನ್ನು ಪದರ ಪದರವಾಗಿ ತುಂಬಿದೆವು. ತೇಪೆ ಹಾಕಿದ ಜಾಗದ ಪಕ್ಕದ ಕಂಬಿಗೆ ಮುಂದೆ ತುಕ್ಕು ಬೇಗ ಹತ್ತುವುದುಂಟು. ಅದಕ್ಕೇ ಸಡಿಲ ಕಂಡಷ್ಟಕ್ಕೇ ನಿಲ್ಲದೆ, ಒಳ್ಳೆಯ ಕಂಬಿ ಕಾಣುವವರೆಗೂ ಸುತ್ತ ಒಂದು ಗೇಣು ಜಾಸ್ತಿ ಬಿಡಿಸಿದ್ದೆವು.

ಮೇಲೆ ಚಪ್ಪಡಿ ಒಣಗಬೇಕಿತ್ತು. ಒಣಗಿದೆಯಾ ಅಂತ ತಿಳಿಯುವುದು ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಕೆಳಗೆ ಬೆವರಿದ್ದರೆ ಇನ್ನೂ ಒದ್ದೆ. ನಮಗೆ ಒಂಬತ್ತು ದಿನ ಹಿಡಿಯಿತು. ಕೆಲಸದವರು ಎರಡು ಸಲ "ಸಾರ್, ಒಣಗಿದೆ, ಹಚ್ಚಿಬಿಡೋಣ" ಎಂದರು. ಪ್ಲಾಸ್ಟಿಕ್ ಬೇಡ ಎಂದಿತು, ಕಾದೆವು.

ಆಮೇಲೆ ವಾಟ. ನೀರು ಇಳಿಯುವ ಬಾಯಿಯ ಕಡೆಗೆ ನೂರಕ್ಕೆ ಒಂದರಂತೆ, ಅಂದರೆ ಐದು ಮೀಟರಿಗೆ ಐದು ಸೆಂಟಿಮೀಟರ್ ಇಳಿಜಾರು ಬೇಕು. ಹಳೆಯ ಗಾರೆ ಪೈಪಿನ ಬಾಯನ್ನು ಅರ್ಧ ಮುಚ್ಚಿತ್ತು. ನೂರು ಚದರ ಮೀಟರ್ ತಾರಸಿಗೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರು ಆ ಎರಡು ಬಾಯಲ್ಲಿ ಹೋಗಬೇಕು. ಚಪ್ಪಡಿಗೇ ಹಳೆಯ ಇಳಿಜಾರು ಇತ್ತು, ತಗ್ಗು ಇದ್ದ ಕಡೆ ಮಾತ್ರ ತೆಳುವಾಗಿ ಸರಿಮಾಡಿ ಭಾರ ಉಳಿಸಿದೆವು. ಸಂದಿಯನ್ನು ಕೊರೆದು ಸೀಲೆಂಟ್ ತುಂಬಿ, ಮೂಲೆಯನ್ನು ದುಂಡಗೆ ಮಾಡಿ, ಅದರ ಮೇಲೆ ರಬ್ಬರಿನ ಹಾಗೆ ಹಿಗ್ಗುವ ಪಾಲಿಯುರೆಥೇನ್ ಪದರ, ನಡುವೆ ಫೈಬರ್ ಬಟ್ಟೆ. ಗೋಡೆಯ ಮೇಲೂ 15 ಸೆಂಟಿಮೀಟರ್ ಹತ್ತಿಸಿ ಅಂಚನ್ನು ಗೋಡೆಯ ಗೀರಿನೊಳಗೆ ಸೇರಿಸಿದೆವು. ಅಗ್ಗದ ಅಕ್ರಿಲಿಕ್ ಪೇಂಟ್ ನೀರು ನಿಲ್ಲದ ತಾರಸಿಗೆ ಪರವಾಗಿಲ್ಲ. ನೀರು ನಿಲ್ಲುವ ಕಡೆ ಮೆತ್ತಗಾಗಿ ಏಳುತ್ತದೆ.

48 ಗಂಟೆ ನೀರು ನಿಲ್ಲಿಸಿ ನೋಡುವ ಪರೀಕ್ಷೆ ಆಗುವವರೆಗೆ ಕೊನೆಯ ಕಂತು ಇಲ್ಲ ಅಂತ ಮೊದಲೇ ಕಾಗದದಲ್ಲಿ ಬರೆದುಕೊಂಡಿದ್ದೆವು. ಅದು ಕೆಲಸಕ್ಕೆ ಬಂತು. ಫ್ಯಾನಿನ ಜಾಗ, ಮೂಲೆ ಎರಡೂ ಒಣಗಿದ್ದವು. ಆದರೆ 30 ಗಂಟೆಯ ಹೊತ್ತಿಗೆ ಹೊರಗೋಡೆಯಲ್ಲಿ, ನೀರಿಳಿಯುವ ಪೈಪಿನ ಕೆಳಗೆ ಹೊಸದೊಂದು ತೇವ ಕಂಡಿತು. ಬಾಯಿಯ ತಟ್ಟೆಗೂ ಪೈಪಿಗೂ ನಡುವಿನ ಸಂದು ಬಿಟ್ಟುಹೋಗಿತ್ತು. ನಿಂತ ನೀರು ಹೊರಗೆ ಬಿಟ್ಟು, ಒಣಗಿಸಿ, ಸರಿಮಾಡಿ, ಮತ್ತೆ 48 ಗಂಟೆ. ಈ ಸಲ ಎಲ್ಲೂ ಇಲ್ಲ. ನೀವು ಕೆಲಸ ಕೊಡುವಾಗಲೂ ಮೊದಲ ಪ್ರಶ್ನೆ "ನೀರು ಎಲ್ಲಿಂದ ಒಳಗೆ ಬರುತ್ತಿದೆ, ನಿಮಗೆ ಹೇಗೆ ಗೊತ್ತು?" ಅನ್ನುವುದಾಗಿರಲಿ. ಅದಕ್ಕೆ ಉತ್ತರ ಕೊಡದೆ ಪೇಂಟ್ ಡಬ್ಬಿಯ ಹೆಸರು, ವಾರಂಟಿಯ ವರ್ಷ ಹೇಳುವವರನ್ನು ದಯವಿಟ್ಟು ಏಣಿ ಹತ್ತಿಸಬೇಡಿ.

ರೂಮಿನ ಒಳಗೆ ತಕ್ಷಣ ಬಣ್ಣ ಹೊಡೆಸಬೇಡಿ ಎಂದಿದ್ದೆ. ಬಣ್ಣ ಹೊಡೆದರೆ ಹೊಸ ತೇವ ಬೇಗ ಕಾಣುವುದಿಲ್ಲ. ಒಂದು ಮಳೆಗಾಲ ಪೂರ್ತಿ ಆ ಕಲೆ ಹಾಗೇ ಇತ್ತು. ಪ್ರತಿ ಜೋರು ಮಳೆಯ ಮರುದಿನ ಅಕ್ಕ ಏಣಿ ಹತ್ತಿ ಪೆನ್ಸಿಲ್ ಗೆರೆ ನೋಡುತ್ತಿದ್ದಳು, ಟ್ಯಾಂಕಿನ ಪೈಪಿನ ಸುತ್ತ ಕೈಯಾಡಿಸುತ್ತಿದ್ದಳು, ನೀರಿಳಿಯುವ ಬಾಯಿಯ ಜಾಲರಿಯಿಂದ ಎಲೆ ತೆಗೆಯುತ್ತಿದ್ದಳು. ಕಲೆ ಗೆರೆ ದಾಟಲಿಲ್ಲ. ಮಳೆಗಾಲ ಮುಗಿದ ಮೇಲೆ ಬಣ್ಣ ಹೊಡೆಸಿದರು. ಫ್ಯಾನಿನ ಪಕ್ಕ ಅಂಗೈಯಗಲ ಜಾಗವನ್ನು ಮಾತ್ರ ಅಕ್ಕ ಬಣ್ಣವಿಲ್ಲದೆ ಹಾಗೇ ಬಿಡಿಸಿದ್ದಾಳೆ. ಅಲ್ಲಿ ಗೆರೆ, ತಾರೀಖು ಇನ್ನೂ ಇವೆ.